ಹಕ್ಕಿಗೆ ನಾವು ಹೊಸಬರು

ವಿಷು ಕಳೆದು ಕೈನೀಟದ ಹಣ ಮಕ್ಕಳ ಕೈಯಲ್ಲಿ ಓಡಾಡತೊಡಗಿತೆಂದರೆ ನಮ್ಮ ಕಾಸರಗೋಡು ಸೀಮೆಯ ಎಷ್ಟೋ ಮನೆಗಳ ಜಗಲಿಯಲ್ಲಿ ಹೊಸದೊಂದು ಪಂಜರ ಕಾಣಿಸಿಕೊಳ್ಳುತ್ತದೆ. ಅದರೊಳಗೆ ಹಸುರು, ಹಳದಿ, ನೀಲಿ ಬಣ್ಣದ ಒಂದೋ ಎರಡೋ ಪುಟ್ಟ ಹಕ್ಕಿಗಳು. ಪೇಟೆಯಲ್ಲಿ ಅವನ್ನು 'ಲವ್ ಬರ್ಡ್ಸ್' ಎಂದು ಹೇಳಿ ಮಾರುತ್ತಾರೆ. ಹಕ್ಕಿ ಬಂದ ಸಂಜೆ ಮನೆಯವರೆಲ್ಲ ಪಂಜರದ ಸುತ್ತ ನೆರೆಯುತ್ತಾರೆ. ನೆರೆಮನೆಯ ಮಕ್ಕಳೂ ಓಡಿ ಬರುತ್ತಾರೆ. ಒಬ್ಬನು ಸರಳುಗಳನ್ನು ಬಡಿದು ಕರೆಯುತ್ತಾನೆ, ಇನ್ನೊಬ್ಬನು ಸಿಳ್ಳೆ ಹಾಕುತ್ತಾನೆ, ಮತ್ತೊಬ್ಬಳು ಬಾಗಿಲು ತೆರೆದು ಕೈ ತೂರಿಸಿ ಹಿಡಿಯಲು ನೋಡುತ್ತಾಳೆ. ಮೊಬೈಲಿನಲ್ಲಿ ಪಟ ತೆಗೆಯುವವರ ಗಲಾಟೆ ಬೇರೆ. ಮರುದಿನದಿಂದಲೇ ದೂರು ಆರಂಭ. "ಇದು ನಮ್ಮೊಡನೆ ಸೇರುವುದೇ ಇಲ್ಲ, ಮೂಲೆಯಲ್ಲಿ ಮುದುಡಿ ಕುಳಿತಿರುತ್ತದೆ, ಕೈ ಹಾಕಿದರೆ ಕಚ್ಚುತ್ತದೆ." ಹದಿನೈದು ದಿನಗಳೊಳಗೆ ಉತ್ಸಾಹ ಆರಿಹೋಗುತ್ತದೆ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ವೇಳೆಗೆ ಹಕ್ಕಿಗೆ ನೀರಿಡುವ ಕೆಲಸ ಅಮ್ಮನ ಪಾಲಿಗೋ ಅಜ್ಜಿಯ ಪಾಲಿಗೋ ಬಂದಿರುತ್ತದೆ. ಆ ವೇಳೆಗೆ ಹಕ್ಕಿಯೇ ಇಲ್ಲದ ಖಾಲಿ ಪಂಜರ ಅಟ್ಟ ಸೇರಿದ ಮನೆಗಳೂ ಉಂಟು.

ಇಲ್ಲಿ ಹಕ್ಕಿಯದೂ ತಪ್ಪಿಲ್ಲ, ಮಕ್ಕಳದೂ ತಪ್ಪಿಲ್ಲ ಎಂಬುದು ನಮ್ಮ ಅಭಿಪ್ರಾಯ. ಹಕ್ಕಿಯನ್ನು ನಮಗೆ ಪಳಗಿಸಿಕೊಳ್ಳಬೇಕೆಂದು ಎಲ್ಲರೂ ಯೋಚಿಸುತ್ತೇವೆ. ನಾವು ಹಕ್ಕಿಗೆ ಒಗ್ಗಿಕೊಳ್ಳುವುದು ಹೇಗೆಂದು ಯೋಚಿಸುವವರು ಕಡಿಮೆ. ಹಣ ಕೊಟ್ಟು ತಂದ ಮಾತ್ರಕ್ಕೆ ಅದು ನಮ್ಮನ್ನು ನಂಬಬೇಕೆಂದಿಲ್ಲ. ಆ ನಂಬಿಕೆಯನ್ನು ಕೊಡುವ ಅಧಿಕಾರ ಅದರದು. ನಾವು ಮಾಡಬಹುದಾದುದು ಅದಕ್ಕೆ ಬೇಕಾದ ಅವಕಾಶ ಒದಗಿಸಿ ಕಾಯುವುದು ಮಾತ್ರ. ಈ ಕಾಯುವಿಕೆಗೆ ಮನೆಯಲ್ಲಿ ಸಮಯವಿದೆಯೇ ಎಂದು ಮೊದಲು ನೋಡಿ, ಆ ಮೇಲೆ ಪಂಜರ ಕೊಳ್ಳಬೇಕು.

ಮೊದಲಿಗೆ ಯಾವ ಹಕ್ಕಿ ಎಂಬ ಮಾತು. ಪಂಜರದ ಹಕ್ಕಿಯೆಂದೊಡನೆ ನಮ್ಮ ಹಿರಿಯರ ಕಣ್ಣಿಗೆ ಕಟ್ಟುವುದು ಕೊರಳಿಗೆ ಕೆಂಪು ಪಟ್ಟಿಯ ಗಿಳಿ, ಮಲೆಯಾಳದ ತತ್ತ. ಅದನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ನಮ್ಮ ದೇಶದ ಕಾಡುಹಕ್ಕಿಗಳಾದ ಗಿಳಿ, ಮೈನಾ, ಮುನಿಯಾಗಳನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಕಾನೂನಿನ ಭಯ ಹಾಗಿರಲಿ, ಗಿಳಿಮರಿ ಪಂಜರಕ್ಕೆ ಬರುವ ದಾರಿಯನ್ನು ನೆನೆದರೆ ಸಾಕು. ಬಾಣಭಟ್ಟನ 'ಕಾದಂಬರಿ'ಯನ್ನು ಒಂದನೆಯ ನಾಗವರ್ಮನು 'ಕರ್ಣಾಟಕ ಕಾದಂಬರಿ'ಯಾಗಿ ಕನ್ನಡಕ್ಕೆ ತಂದನಷ್ಟೆ. ಅದರಲ್ಲಿ ಶೂದ್ರಕ ರಾಜನ ಸಭೆಗೆ ಪಂಜರದಲ್ಲಿ ಬಂದ ವೈಶಂಪಾಯನನೆಂಬ ಗಿಳಿಯೇ ಕಥೆಯನ್ನು ಹೇಳುತ್ತದೆ. ಬೂರುಗದ ಮರದ ಪೊಟರೆಯಲ್ಲಿ ಮುದಿ ತಂದೆಯ ರೆಕ್ಕೆಯಡಿಯಲ್ಲಿದ್ದ ಮರಿ ಅದು. ಬೇಡನೊಬ್ಬನು ಮರ ಹತ್ತಿ ಗಿಳಿಗಳ ಕತ್ತು ಮುರಿದು ಕೆಳಗೆ ಎಸೆಯುವಾಗ, ತರಗೆಲೆಗಳ ರಾಶಿಯ ಮೇಲೆ ಬಿದ್ದು ಹೇಗೋ ಜೀವ ಉಳಿಸಿಕೊಂಡಿತು. ಸಾವಿರ ವರ್ಷಗಳಿಗೂ ಹಿಂದೆ ಕವಿ ಕಂಡ ಈ ನೋಟ ಇಂದಿಗೂ ಹಳತಾಗಿಲ್ಲ. ಸತ್ತ ತೆಂಗಿನ ಬೋಳು ಕಾಂಡದ ಪೊಟರೆಗೆ ಕೈ ಹಾಕಿ ಮರಿಗಳನ್ನು ಎಳೆದು ತೆಗೆಯುವವರು ಈಗಲೂ ಇದ್ದಾರೆ. ಕೊಳ್ಳುವವನಿರುವಾಗ ಮರ ಹತ್ತುವವನು ಇದ್ದೇ ಇರುತ್ತಾನೆ.

ಯಾರ ಮನೆಯಲ್ಲಾದರೂ ಈಗಾಗಲೇ ಅಂತಹ ಗಿಳಿಯಿದ್ದರೆ, ಇದನ್ನು ಓದಿ ಪಂಜರದ ಬಾಗಿಲು ತೆರೆದು ಹಾರಿಸಿಬಿಡುವ ಪುಣ್ಯಕಾರ್ಯಕ್ಕೆ ಕೈ ಹಾಕುವುದು ಬೇಡ. ಕೈತುತ್ತು ತಿಂದು ಬೆಳೆದ ಗಿಳಿಗೆ ಆಹಾರ ಹುಡುಕಲೂ ಬಾರದು, ಗಿಡುಗನಿಂದ ತಪ್ಪಿಸಿಕೊಳ್ಳಲೂ ಬಾರದು. ಅರಣ್ಯ ಇಲಾಖೆಯವರಿಗೆ ತಿಳಿಸಿ ಒಪ್ಪಿಸುವುದು ಸರಿಯಾದ ಕ್ರಮ. ಮಕಾವ್, ಆಫ್ರಿಕಾದ ಬೂದು ಗಿಳಿ ಮೊದಲಾದ ಪರದೇಶದ ದೊಡ್ಡ ಗಿಳಿಗಳನ್ನು ಸಾಕುವವರು 2022ರ ತಿದ್ದುಪಡಿಯಂತೆ ನೋಂದಣಿ ಮಾಡಿಸಬೇಕು. ಅವುಗಳ ಬೆಲೆಯೂ ಆಯುಸ್ಸೂ ನಮ್ಮಂಥವರ ಅಳತೆಯನ್ನು ಮೀರಿದ್ದು. ಆ ಮಾತು ಇಲ್ಲಿಗೆ ಸಾಕು.

ಉಳಿದದ್ದು ಪೇಟೆಯ 'ಲವ್ ಬರ್ಡ್ಸ್'. ಈ ಹೆಸರೇ ಸರಿಯಲ್ಲ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಮೈ ದುಂಡಗೆ, ಬಾಲ ಮೋಟು. ನಮ್ಮ ಜಗಲಿಗೆ ಬರುವ ಹೆಚ್ಚಿನವು ಬಜರಿಗಾರ್ ಎಂಬ ಆಸ್ಟ್ರೇಲಿಯಾದ ಸಣ್ಣ ಗಿಳಿಗಳು. ಬಾಲವೂ ಸೇರಿ ಹದಿನೆಂಟು ಸೆಂಟಿಮೀಟರಿನಷ್ಟು ಉದ್ದ, ಮೂವತ್ತರಿಂದ ನಲವತ್ತು ಗ್ರಾಂ ತೂಕ. ಆ ಖಂಡದ ಒಳನಾಡಿನ ಒಣ ಬಯಲಿನಲ್ಲಿ ದೊಡ್ಡ ದೊಡ್ಡ ಹಿಂಡು ಕಟ್ಟಿಕೊಂಡು, ಮಳೆ ಬಿದ್ದ ಕಡೆಗೆ ಹಾರಿ, ಹುಲ್ಲಿನ ಬೀಜ ತಿಂದು ಬದುಕುವ ಜಾತಿ. 1840ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿತಜ್ಞನು ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದನು. ಆ ಮೇಲೆ ಪಂಜರದಲ್ಲೇ ತಲೆಮಾರುಗಳು ಬೆಳೆದು ಲೋಕವೆಲ್ಲ ಹಬ್ಬಿದವು. ಕಾಡಿನಲ್ಲಿ ಇವುಗಳ ಬಣ್ಣ ಹಸುರು ಮತ್ತು ಹಳದಿ. ನೀಲಿ, ಬಿಳಿ, ಬೂದು ಬಣ್ಣಗಳೆಲ್ಲ ಸಾಕಿದವರ ಕೈಯಲ್ಲಿ ಹುಟ್ಟಿದವು. ಪಂಜರದಲ್ಲೇ ಹುಟ್ಟಿದ ಹಕ್ಕಿಯಾದ್ದರಿಂದ ಇದನ್ನು ಸಾಕುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಪಂಜರದಲ್ಲಿ ಹುಟ್ಟಿತೆಂದ ಮಾತ್ರಕ್ಕೆ ಹಿಂಡಿನ ಬುದ್ಧಿಯೂ ಭಯವೂ ಅದನ್ನು ಬಿಟ್ಟುಹೋಗಿಲ್ಲ.

ಈ ಭಯವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಬಜರಿಗಾರ್ ಬೇರೆಯವರಿಗೆ ಆಹಾರವಾಗುವ ಜೀವಿ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಬೀಜ ಹೆಕ್ಕುತ್ತಿರುವಾಗಲೇ ಸುತ್ತಮುತ್ತಲಿನ ಅಪಾಯ ಕಾಣಬೇಕಲ್ಲ! ಬೆಕ್ಕು, ಗಿಡುಗಗಳ ಕಣ್ಣು ಮುಂದಕ್ಕೆ ಇರುತ್ತವೆ. ಅವು ನೇರವಾಗಿ ದಿಟ್ಟಿಸಿ ನೋಡುತ್ತವೆ. ನಾವೂ ಹಾಗೆಯೇ. ಪಂಜರಕ್ಕೆ ಮುಖ ಹಚ್ಚಿ ಎರಡು ಕಣ್ಣುಗಳಿಂದ ದಿಟ್ಟಿಸುವ ಮಗು ಹಕ್ಕಿಗೆ ಮಗುವಾಗಿ ಕಾಣುವುದಿಲ್ಲ. ಮೇಲಿನಿಂದ ಇಳಿಯುವ ಕೈ ಎರಗುವ ಗಿಡುಗನಂತೆ ತೋರುತ್ತದೆ. ಅಲ್ಲದೆ ಹಿಂದಿನ ದಿನದ ವರೆಗೆ ಅಂಗಡಿಯಲ್ಲಿ ಹತ್ತಿಪ್ಪತ್ತು ಜೊತೆಗಾರರ ನಡುವೆ ಇದ್ದ ಹಕ್ಕಿ, ಕಾಗದದ ಪೆಟ್ಟಿಗೆಯಲ್ಲಿ ಬಸ್ಸಿನ ಕುಲುಕಾಟ ತಿಂದು, ಯಾರದೋ ಮನೆಯ ಜಗಲಿಯಲ್ಲಿ ಒಂಟಿಯಾಗಿ ಕಣ್ಣು ಬಿಟ್ಟಿರುತ್ತದೆ. ನಮ್ಮ ಮನೆಗೆ ಹಕ್ಕಿ ಹೊಸತು ಎಂದು ನಾವು ಹಿಗ್ಗುವಾಗ, ಹಕ್ಕಿಗೆ ನಾವೂ ನಮ್ಮ ಮನೆಯೂ ಬೆಕ್ಕೂ ಫ್ಯಾನೂ ಮಿಕ್ಸಿಯ ಸದ್ದೂ ಎಲ್ಲವೂ ಒಮ್ಮೆಲೇ ಹೊಸತು.

ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಬಾಗಿಲಲ್ಲಿ ನಿಂತು ನೋಡಿದವರಿಗೆ ಈ ಮುಖ ಪರಿಚಿತವೇ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಟಿಯೋ ಮಲೆಯಾಳವೋ ಆಡುವ ಮಗು, ಕನ್ನಡದ ತರಗತಿಗೆ ಬಂದು ಗೋಡೆಗೆ ಒರಗಿ ನಿಲ್ಲುತ್ತದೆ. ಅನುಭವಸ್ಥರಾದ ಟೀಚರು ಅದರ ಕೈ ಹಿಡಿದು ಎಳೆಯುವುದಿಲ್ಲ, ಹೆಸರು ಹೇಳೆಂದು ಒತ್ತಾಯಿಸುವುದಿಲ್ಲ. ಉಳಿದ ಮಕ್ಕಳೊಂದಿಗೆ ಹಾಡುತ್ತಾ ಕುಣಿಸುತ್ತಾ ಇರುತ್ತಾರೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಮಗು ತಾನಾಗಿ ಬಂದು ಸೆರಗು ಹಿಡಿಯುತ್ತದೆ. ಹಕ್ಕಿಯ ವಿಷಯದಲ್ಲಿಯೂ ಕ್ರಮ ಬೇರೆಯಲ್ಲ, ದಿನಗಳು ಮಾತ್ರ ಹೆಚ್ಚು.

ಪಂಜರವನ್ನು ಎಲ್ಲಿಡಬೇಕು? ಜಗಲಿಯ ನಡುವೆ ತೂಗಹಾಕುವುದು ನಮ್ಮ ರೂಢಿ. ನಾಲ್ಕು ದಿಕ್ಕಿನಿಂದಲೂ ಜನ ಬರುವ ಅಂತಹ ಸ್ಥಳದಲ್ಲಿ ಹಕ್ಕಿಗೆ ನೆಮ್ಮದಿಯಿಲ್ಲ. ಒಂದು ಬದಿಯಾದರೂ, ಸಾಧ್ಯವಾದರೆ ಎರಡು ಬದಿ, ಗೋಡೆಗೆ ತಾಗಿರಲಿ. ಎತ್ತರ ನಮ್ಮ ಎದೆಯ ಮಟ್ಟಕ್ಕಿರಲಿ. ಮನೆಮಂದಿ ಕುಳಿತೇಳುವ ಚಾವಡಿಯ ಮೂಲೆ ಎಲ್ಲಕ್ಕಿಂತ ಉತ್ತಮ. ಹೊರಗೆ ತೂಗಿದರೆ ಬೆಕ್ಕಲ್ಲದೆ ಹಾವಿನ ಭಯವೂ ಉಂಟು. ತೋಟದ ಮನೆಗಳಲ್ಲಿ ಕೇರೆಹಾವು ಪಂಜರದ ಸರಳುಗಳ ನಡುವೆ ನುಸುಳುವುದು ಅಪರೂಪವಲ್ಲ. ಅಡಿಗೆಮನೆ ಮಾತ್ರ ಖಂಡಿತ ಬೇಡ. ಹಕ್ಕಿಯ ದೇಹದಲ್ಲಿ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳಿವೆ. ಹಾರುವುದಕ್ಕೆ ಬೇಕಾದ ಪ್ರಾಣವಾಯುವನ್ನು ಅದು ನಮಗಿಂತ ಚೆನ್ನಾಗಿ ಹೀರಿಕೊಳ್ಳುತ್ತದೆ, ಅದರೊಡನೆ ವಿಷವನ್ನೂ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ 1986ರ ವರೆಗೂ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಪತ್ತೆ ಮಾಡಲು ಕೆನರಿ ಹಕ್ಕಿಗಳನ್ನು ಒಯ್ಯುತ್ತಿದ್ದುದು ಇದಕ್ಕಾಗಿಯೇ. ಗಣಿಗಾರನಿಗಿಂತ ಮೊದಲು ಹಕ್ಕಿ ಬೀಳುತ್ತಿತ್ತು. ಅಂಟದ ಲೇಪವುಳ್ಳ ಕಾವಲಿ ಅತಿಯಾಗಿ ಕಾದಾಗ ಬರುವ ಹಬೆ ನಮ್ಮ ಮೂಗಿಗೆ ತಿಳಿಯುವ ಮೊದಲೇ ಹಕ್ಕಿಯನ್ನು ಕೊಲ್ಲಬಲ್ಲುದು. ಸೊಳ್ಳೆಬತ್ತಿ, ಅಗರಬತ್ತಿ, ಬಚ್ಚಲೊಲೆಯ ಹೊಗೆ ಇವೂ ಆಗದು.

ಪಂಜರ ಎತ್ತರವಿರುವುದಕ್ಕಿಂತ ಉದ್ದವಿರುವುದು ಮುಖ್ಯ, ಏಕೆಂದರೆ ಹಕ್ಕಿ ಅಡ್ಡಕ್ಕೆ ಹಾರುತ್ತದೆ. ಎರಡಡಿ ಉದ್ದಕ್ಕೆ ಕಡಿಮೆಯಾದದ್ದು ಬೇಡ. ಅಂಗಡಿಯಲ್ಲಿ ಕೊಡುವ ನುಣುಪಾದ ಪ್ಲಾಸ್ಟಿಕ್ ಕೋಲುಗಳನ್ನು ತೆಗೆದು, ಪೇರಳೆಯ ದಪ್ಪ ಸಣ್ಣ ಕೊಂಬೆಗಳನ್ನು ತೊಳೆದು ಅಡ್ಡ ಕಟ್ಟಿದರೆ ಕಾಲಿಗೂ ಹಿತ, ಖರ್ಚೂ ಇಲ್ಲ. ಕಣಗಿಲೆಯ ಕೊಂಬೆ ವಿಷ, ಅದನ್ನು ಮುಟ್ಟಬಾರದು. ಒಳಗೆ ಕನ್ನಡಿ ತೂಗುವುದನ್ನು ನಾವು ಒಪ್ಪುವುದಿಲ್ಲ. ಕನ್ನಡಿಯೊಳಗಿನ ಹಕ್ಕಿಯೊಡನೆ ಸ್ನೇಹ ಬೆಳೆಸಿದ ಹಕ್ಕಿಗೆ ಹೊರಗಿನವರು ಬೇಕಾಗುವುದಿಲ್ಲ.

ಇನ್ನು ಮೊದಲ ಎರಡು ಮೂರು ದಿನ. ಆಗ ನಾವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಹಕ್ಕಿಯನ್ನು ಅದರ ಪಾಡಿಗೆ ಬಿಡುವುದು. ಬೆಳಗ್ಗೆ ನೀರು, ಕಾಳು ಬದಲಿಸಿ, ತಟ್ಟೆ ಗುಡಿಸಿ, ಮೆಲ್ಲನೆ ಸರಿಯಬೇಕು. ಹಕ್ಕಿ ತಿನ್ನಲಿಲ್ಲವೆಂದು ಗಾಬರಿಯಾಗಿ ಗಳಿಗೆಗೊಮ್ಮೆ ಇಣುಕುವವರಿದ್ದಾರೆ. ನೋಡುವವರು ಇರುವ ತನಕ ಅದು ತಿನ್ನುವುದಿಲ್ಲ, ಬೆನ್ನು ತಿರುಗಿದ ಮೇಲೆ ಇಳಿದು ತಿನ್ನುತ್ತದೆ. ಇಡೀ ದಿನ ಕಾಳು ಮುಟ್ಟದೆ ಉಳಿದರೆ ಮಾತ್ರ ಚಿಂತಿಸಬೇಕು. ರಾತ್ರಿ ತೆಳ್ಳಗಿನ ಬಟ್ಟೆ ಹೊದಿಸಿದರೆ ಹತ್ತು ಹನ್ನೆರಡು ಗಂಟೆ ನಿದ್ದೆ ಮಾಡುತ್ತದೆ. ಟಿ.ವಿ.ಯ ಎದುರಿಗೆ ಪಂಜರ ಇಟ್ಟು ರಾತ್ರಿ ಹನ್ನೊಂದರ ವರೆಗೆ ಧಾರಾವಾಹಿ ನೋಡುವ ಮನೆಯಲ್ಲಿ ಹಕ್ಕಿ ಸಿಡುಕುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ನಾಲ್ಕನೆಯ ದಿನದಿಂದ ವಿದ್ಯಾರ್ಥಿಗಳಿಗೆ ಒಂದು ಸುಲಭವಾದ ಕೆಲಸ. ಪಂಜರದಿಂದ ನಾಲ್ಕೈದು ಅಡಿ ದೂರದಲ್ಲಿ ಚಾಪೆ ಹಾಕಿ ಕುಳಿತು ಒಂದು ಕಥೆ ಪುಸ್ತಕವನ್ನು ತಗ್ಗಿದ ಸ್ವರದಲ್ಲಿ ಓದಿರಿ. ಹಕ್ಕಿಯತ್ತ ನೋಡಬೇಡಿರಿ. ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ. ಮೊದಲು ಹಕ್ಕಿ ಗರಿಗಳನ್ನು ಮೈಗೆ ಒತ್ತಿ ಹಿಡಿದು ಕಡ್ಡಿಯಂತೆ ನೆಟ್ಟಗೆ ನಿಲ್ಲುತ್ತದೆ. ಅದು ಭಯದ ಗುರುತು. ಎರಡು ಮೂರು ದಿನ ಕಳೆದು ಒಂದು ಹೊತ್ತಿನಲ್ಲಿ ಗರಿ ಸಡಿಲ ಬಿಟ್ಟು ಮೈ ಕೊಡವುತ್ತದೆ, ಕೊಕ್ಕಿನಿಂದ ಗರಿ ಬಾಚುತ್ತದೆ, ಒಂದು ಕಾಲನ್ನು ಮೇಲಕ್ಕೆ ಮಡಚಿಕೊಂಡು ಕೊಕ್ಕನ್ನು ಕರಕರ ಮಸೆಯುತ್ತದೆ. ಆಗ ತಿಳಿಯಿರಿ, ನಿಮ್ಮ ಸ್ವರ ಅದಕ್ಕೆ ಅಪಾಯದ ಸದ್ದಾಗಿ ಉಳಿದಿಲ್ಲ. ಈ ಗುರುತುಗಳನ್ನು ನೋಡಿ ಓದಲು ಕಲಿತ ಮಗು ಹಕ್ಕಿಯ ಭಾಷೆಯ ಅಕ್ಷರಮಾಲೆಯನ್ನು ಕಲಿತ ಹಾಗೆ. ದಿನವಿಡೀ ಗರಿ ಕೆದರಿಕೊಂಡು ಕಣ್ಣು ಮುಚ್ಚಿ ತೂಕಡಿಸುವುದು ಮಾತ್ರ ನೆಮ್ಮದಿಯಲ್ಲ, ರೋಗ. ಹಿಂಡಿನ ಹಕ್ಕಿ ತನ್ನ ಕಾಯಿಲೆಯನ್ನು ಆದಷ್ಟು ಅಡಗಿಸಿಕೊಳ್ಳುತ್ತದೆ. ಅಡಗಿಸಲಾರದೆ ಕುಳಿತಾಗ ಆಗಲೇ ತಡವಾಗಿರುತ್ತದೆ. ಅಂದೇ ಮೃಗಾಸ್ಪತ್ರೆಗೆ ಒಯ್ಯಬೇಕು.

ಬಳಿಕ ಚಾಪೆ ಹತ್ತಿರ ಬರಲಿ. ಕೈಯನ್ನು ಪಂಜರದ ಹೊರಗೆ, ಹಕ್ಕಿ ಕುಳಿತ ಕೋಲಿಗಿಂತ ಕೆಳಗೆ, ಅಲುಗಾಡಿಸದೆ ಇಟ್ಟು ಕುಳಿತುಕೊಳ್ಳಿರಿ. ಹಕ್ಕಿ ದೂರ ಸರಿದರೆ ಕೈಯನ್ನೂ ಸ್ವಲ್ಪ ಹಿಂದೆ ತನ್ನಿರಿ. ನಮ್ಮ ದೃಷ್ಟಿಯಲ್ಲಿ ಇಡೀ ಅಭ್ಯಾಸದ ಜೀವಾಳ ಈ ಹಿಂದೆಗೆಯುವಿಕೆಯಲ್ಲಿದೆ. ತಾನು ಬೇಡವೆಂದರೆ ಈ ಕೈ ನಿಲ್ಲುತ್ತದೆ ಎಂಬುದು ಗೊತ್ತಾದ ಹಕ್ಕಿಗೆ ಕಚ್ಚುವ ಅಗತ್ಯ ಬೀಳುವುದಿಲ್ಲ. ಮೂಲೆಗೆ ಒತ್ತಿ ಹಿಡಿದರೆ ಬೇಗ ಪಳಗುತ್ತದೆಂದು ಹೇಳುವವರಿದ್ದಾರೆ. ಹಾಗೆ ಹಿಡಿದ ಹಕ್ಕಿ ಅಲುಗದೆ ಕುಳಿತುಕೊಳ್ಳುವುದು ನಿಜ, ಆದರೆ ಅದು ಹೆದರಿ ಮರಗಟ್ಟಿದ ಸ್ಥಿತಿ; ಅದನ್ನು ಪಳಗುವಿಕೆಯೆಂದು ಕರೆಯಲು ನಾವು ಸಿದ್ಧರಿಲ್ಲ.

ಕೈ ಹೊರಗಿರುವುದನ್ನು ಹಕ್ಕಿ ಸಹಿಸಿದ ಮೇಲೆ ಒಳಗೆ. ಇಲ್ಲಿ ನವಣೆಯ ತೆನೆ ನಿಮ್ಮ ನೆರವಿಗೆ ಬರುತ್ತದೆ. ನವಣೆಯನ್ನು ನಮ್ಮ ಪೇಟೆಯ ಅಂಗಡಿಗಳಲ್ಲಿ ಮಲೆಯಾಳದ 'ತಿನ' ಎಂಬ ಹೆಸರಿನಲ್ಲಿ ಕೇಳಿದರೆ ಬೇಗ ಸಿಗುತ್ತದೆ. ತೆನೆಯನ್ನು ಹಕ್ಕಿಯ ಅಂಗಡಿಯಲ್ಲೇ ಕೇಳಬೇಕು. ಇದು ಬಜರಿಗಾರಿಗೆ ಬಲು ಇಷ್ಟ. ಹಾಗಿದ್ದರೂ ಬಟ್ಟಲಲ್ಲಿ ಎಂದೂ ಇಡಬೇಡಿರಿ. ನಿಮ್ಮ ಕೈಯಿಂದ ಮಾತ್ರ ಸಿಗುವಂತಿರಲಿ. ಉದ್ದನೆಯ ತೆನೆಯ ತುದಿಯನ್ನು ಹಿಡಿದು ಒಳಗೆ ಚಾಚಿ ಸುಮ್ಮನಿರಬೇಕು. ಕೈ ಸೋಲುತ್ತದೆ, ಸೊಳ್ಳೆ ಕಡಿಯುತ್ತದೆ, ತಮ್ಮ ಹಿಂದಿನಿಂದ ಜಡೆ ಎಳೆಯುತ್ತಾನೆ. ಸಹಿಸಿಕೊಳ್ಳಬೇಕು. ಹಕ್ಕಿ ಒಂದು ಕಾಳು ಕಿತ್ತು ಓಡುತ್ತದೆ, ಮತ್ತೆ ಬರುತ್ತದೆ. ದಿನ ಹೋದಂತೆ ತೆನೆಯನ್ನು ಗಿಡ್ಡ ಮಾಡುತ್ತಾ ಬಂದರೆ ಕೊನೆಗೆ ನಿಮ್ಮ ಬೆರಳ ಹತ್ತಿರವೇ ನಿಂತು ತಿನ್ನುತ್ತದೆ. ಆಗ ಇನ್ನೊಂದು ಕೈಯ ತೋರುಬೆರಳನ್ನು ಅದರ ಕಾಲುಗಳ ಮೇಲ್ಭಾಗದಲ್ಲಿ, ಹೊಟ್ಟೆಯ ಕೆಳಗೆ, ಮೃದುವಾಗಿ ತಾಗಿಸಿ 'ಹತ್ತು' ಎನ್ನಿರಿ. ಯಾವ ಭಾಷೆಯಲ್ಲಿಯಾದರೂ ಹೇಳಬಹುದು, ಆದರೆ ಮನೆಯವರೆಲ್ಲ ಒಂದೇ ಮಾತನ್ನು ಹೇಳಬೇಕು. ಕಾಲೆತ್ತಿ ಬೆರಳ ಮೇಲೆ ಇಟ್ಟ ಕೂಡಲೇ ತೆನೆ ಕೊಡಬೇಕು. ಅಷ್ಟಕ್ಕೆ ಅಂದಿನ ಪಾಠ ಮುಗಿಯಲಿ. ಇನ್ನೊಮ್ಮೆ, ಮತ್ತೊಮ್ಮೆ ಎಂದು ಹಕ್ಕಿಯನ್ನು ದಣಿಸುವುದೇ ಹೆಚ್ಚಿನ ಮಕ್ಕಳ ಚಾಳಿ.

ಇದಕ್ಕೆಲ್ಲ ಎಷ್ಟು ದಿನ ಬೇಕೆಂದು ಕೇಳಿದರೆ ಉತ್ತರ ಹಕ್ಕಿಯನ್ನು ಹೊಂದಿಕೊಂಡಿದೆ. ಎಳೆಯದಾದರೆ ಎರಡು ಮೂರು ವಾರ ಸಾಕಾದೀತು. ಬೆಳೆದದ್ದಾದರೆ ತಿಂಗಳುಗಟ್ಟಲೆ ಹಿಡಿದೀತು. ಕೊಳ್ಳುವಾಗ ಹಣೆಯನ್ನು ನೋಡಿರಿ. ಎಳೆ ಹಕ್ಕಿಯ ಹಣೆಯ ಮೇಲೆ ಮೂಗಿನ ವರೆಗೂ ಸಣ್ಣ ಸಣ್ಣ ಕಪ್ಪು ಗೀರುಗಳಿರುತ್ತವೆ, ಕಣ್ಣು ಪೂರ್ತಿ ಕಪ್ಪಾಗಿರುತ್ತದೆ. ಮೂರು ನಾಲ್ಕು ತಿಂಗಳು ದಾಟಿದ ಮೇಲೆ ಗೀರುಗಳು ಹೋಗಿ ಹಣೆ ಬೋಳಾಗುತ್ತದೆ, ಕಣ್ಣಿನ ಸುತ್ತ ಬಿಳಿ ಉಂಗುರ ಮೂಡುತ್ತದೆ. ಬೆರಳಿಗೆ ಎಂದೂ ಬಾರದ ಹಕ್ಕಿಗಳೂ ಇವೆ. ನಮ್ಮ ಸಮೀಪದಲ್ಲಿ ಭಯವಿಲ್ಲದೆ ತಿಂದು ಕೂಗಿಕೊಂಡು ಇರುವಷ್ಟಕ್ಕೆ ಅವು ಒಪ್ಪಿದರೆ ಅದೂ ಸ್ನೇಹವೇ. ಹಾರದಂತೆ ರೆಕ್ಕೆ ಕತ್ತರಿಸಿ ಕೊಡುತ್ತೇವೆಂದು ಅಂಗಡಿಯವರು ಹೇಳಿದರೆ ಬೇಡವೆನ್ನಿರಿ. ಓಡಿಹೋಗಲಾರದೆ ಕೈಯ ಮೇಲೆ ಕುಳಿತ ಹಕ್ಕಿ ನಮ್ಮನ್ನು ನಂಬಿದೆಯೋ ಇಲ್ಲವೋ ತಿಳಿಯುವ ಬಗೆಯೇ ಇಲ್ಲ.

ಕಚ್ಚಿದಾಗ ಏನು ಮಾಡಬೇಕು? ಕೈ ಥಟ್ಟನೆ ಎಳೆದುಕೊಂಡರೆ ಕಚ್ಚುವುದೇ ಉಪಾಯವೆಂದು ಹಕ್ಕಿ ಕಲಿಯುತ್ತದೆ. ಬೊಬ್ಬೆ ಹಾಕಿದರೆ ಹೆದರುತ್ತದೆ, ಕೆಲವು ಹಕ್ಕಿಗಳಿಗೆ ಬೊಬ್ಬೆ ಆಟವಾಗುತ್ತದೆ. ಕೊಕ್ಕಿಗೆ ಹೊಡೆಯುವುದು, ಮುಖಕ್ಕೆ ಊದುವುದು ಸಲ್ಲದು. ನೋವು ನುಂಗಿ ಕೈಯನ್ನು ಸ್ಥಿರವಾಗಿಟ್ಟು ಮೆಲ್ಲನೆ ಹಿಂದೆ ತನ್ನಿರಿ. ಮರುದಿನ ಒಂದು ಹೆಜ್ಜೆ ಹಿಂದಿನ ಪಾಠದಿಂದ ಪುನಃ ಆರಂಭಿಸಿರಿ. ಹೊರಗೆ ಬಿಡುವ ಮೊದಲು ಕಿಟಕಿ ಬಾಗಿಲು ಮುಚ್ಚಿ, ಗಾಜಿಗೆ ಪರದೆ ಎಳೆದು, ಬೆಕ್ಕನ್ನು ಹೊರಗಟ್ಟಿ, ಎಲ್ಲಕ್ಕಿಂತ ಮುಖ್ಯವಾಗಿ ಮಾಡಿನ ಫ್ಯಾನನ್ನು ನಿಲ್ಲಿಸಬೇಕು. ಹಕ್ಕಿಯನ್ನು ಮುಟ್ಟಿದ ಬಳಿಕ ಸಾಬೂನಿನಿಂದ ಕೈ ತೊಳೆಯುವುದು ಮಕ್ಕಳಿಗೆ ಅಭ್ಯಾಸವಾಗಲಿ. ಹಕ್ಕಿಯಿಂದ ಮನುಷ್ಯರಿಗೆ ಹರಡುವ ರೋಗಗಳೂ ಇವೆ.

ಕಾನ್ರಾಡ್ ಲೊರೆಂಜ್ ಎಂಬ ಆಸ್ಟ್ರಿಯಾದ ವಿಜ್ಞಾನಿಗೆ ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅವನು ಒಮ್ಮೆ ಅಂಗಡಿಯಿಂದ ಕಾಗೆಯ ಜಾತಿಯ ಜ್ಯಾಕ್‌ಡಾ ಮರಿಯೊಂದನ್ನು ತಂದನು. ಯಾವ ಶೋಧನೆಗಾಗಿಯೂ ಅಲ್ಲ, ಅದರ ತೆರೆದ ಬಾಯಿಗೆ ಹೊಟ್ಟೆ ತುಂಬ ಉಣಿಸಬೇಕೆಂಬ ಆಸೆಯಿಂದ. ದೊಡ್ಡದಾದ ಮೇಲೆ ಹಾರಬಿಡುವುದೆಂದು ಆಗಲೇ ನಿಶ್ಚಯಿಸಿದ್ದನು. ಹಾರಲು ಬಿಟ್ಟರೂ ಅದು ಅವನನ್ನು ಬಿಟ್ಟು ಹೋಗಲಿಲ್ಲ. ಬದಲಾಗಿ ತಾನು ಅಗಿದು ಮೆತ್ತಗೆ ಮಾಡಿದ ಹುಳುಗಳನ್ನು ಅವನಿಗೆ ಉಣಿಸಲು ಬರುತ್ತಿತ್ತು. ಅವನು ಬಾಯಿ ತೆರೆಯದಿದ್ದರೆ ಕಿವಿಯೊಳಗೆ ತುಂಬಿಬಿಡುತ್ತಿತ್ತು! ಪ್ರೀತಿಗೆ ಇಂತಹ ಪ್ರತಿಫಲ ನಮ್ಮ ವಿದ್ಯಾರ್ಥಿಗಳಿಗೆ ಬೇಕಾದೀತೋ ಇಲ್ಲವೋ ನಾವರಿಯೆವು. ಆ ಹಕ್ಕಿಗೆ ಹಾರಿಹೋಗುವ ದಾರಿ ತೆರೆದೇ ಇತ್ತೆಂಬುದನ್ನು ಮಾತ್ರ ಗಮನಿಸಬೇಕು. ಆಸ್ಟ್ರೇಲಿಯಾದ ಬಜರಿಗಾರನ್ನು ಕಾಸರಗೋಡಿನ ಆಕಾಶಕ್ಕೆ ಬಿಡಲಾಗದು, ಕಾಗೆಗಳು ಒಂದು ದಿನವೂ ಉಳಿಯಗೊಡಲಾರವು. ಚಾವಡಿಯೊಳಗೆ, ಪಂಜರದ ಬಾಗಿಲು ತೆರೆದಿರುವಾಗ, ಬರುವುದೂ ಬಾರದಿರುವುದೂ ಅದರ ಇಷ್ಟಕ್ಕೆ ಬಿಟ್ಟದ್ದಾಗಿರಲಿ.

ಮಾತನಾಡಿಸುವ ಆಸೆ ಎಲ್ಲರಿಗೂ ಇರುತ್ತದೆ. ಪಕ್ ಎಂಬ ಒಂದು ಬಜರಿಗಾರ್ 1,728 ಶಬ್ದಗಳನ್ನು ಕಲಿತಿತ್ತೆಂದು ಗಿನ್ನೆಸ್ ದಾಖಲೆಯಲ್ಲಿದೆ. ಅದು 1994ರಲ್ಲಿ ಸತ್ತಿತು. ಸಾಮಾನ್ಯವಾಗಿ ಮಾತು ಕಲಿಯುವುದು ಗಂಡು. ಬೆಳೆದ ಗಂಡಿನ ಮೂಗಿನ ಮೇಲಿನ ಚರ್ಮ ಹೆಚ್ಚಾಗಿ ನೀಲಿ, ಹೆಣ್ಣಿನದು ಕಂದು. ಅಜ್ಜಿ ತುಳುವಿನಲ್ಲಿ, ನೆರೆಯವರು ಮಲೆಯಾಳದಲ್ಲಿ, ಮಕ್ಕಳು ಕನ್ನಡದಲ್ಲಿ ಕರೆಯುವ ನಮ್ಮ ಮನೆಗಳಲ್ಲಿ ಹಕ್ಕಿ ಯಾವುದನ್ನು ಮೊದಲು ಕಲಿಯುತ್ತದೆಂದು ನೋಡುವುದು ಒಂದು ತಮಾಷೆಯೇ. ಹೆಚ್ಚಿನವು ಪ್ರೆಷರ್ ಕುಕ್ಕರಿನ ಸೀಟಿಯನ್ನೋ ಕಾಗೆಯ ಕೂಗನ್ನೋ ಕಲಿತು ಕುಳಿತುಕೊಳ್ಳುತ್ತವೆ. ಮಾತು ಬಾರದ ಹಕ್ಕಿ ದಡ್ಡ ಹಕ್ಕಿಯಲ್ಲ.

ಆಹಾರದ ವಿಷಯ ಚಿಕ್ಕದು. ಬರೀ ನವಣೆ ತಿಂದ ಹಕ್ಕಿ ಕೊಬ್ಬು ಬೆಳೆದು ಬೇಗ ಸಾಯುತ್ತದೆ. ಕೊತ್ತಂಬರಿ, ನುಗ್ಗೆ ಸೊಪ್ಪು, ತುರಿದ ಕ್ಯಾರೆಟ್ ದಿನಾಲೂ ಸ್ವಲ್ಪ ಬೇಕು. ಬೆಣ್ಣೆಹಣ್ಣು, ಚಾಕೊಲೇಟು, ಚಹಾ, ಉಪ್ಪು ಹಾಕಿದ ಕರಿದ ತಿಂಡಿ ಕೂಡದು. ಕೊಕ್ಕು ಮಸೆಯಲೂ ಸುಣ್ಣದ ಅಂಶಕ್ಕೂ ಅಂಗಡಿಯವರು ಒಂದು ಬಿಳಿಯ ಹಲಗೆಯಂಥದನ್ನು ಮಾರುತ್ತಾರೆ. ಅದು ಮತ್ತೇನಲ್ಲ, ನಮ್ಮ ಕಡಲ ದಡದಲ್ಲಿ ಬಿದ್ದಿರುವ 'ಕಡಲ್‌ನಾಕ್ಕ್', ವೈದ್ಯರ ಸಮುದ್ರಫೇನ. ಚೆನ್ನಾಗಿ ತೊಳೆದು ನೀರಿನಲ್ಲಿ ನೆನೆಸಿ ಬಿಸಿಲಿನಲ್ಲಿ ಒಣಗಿಸಿದರೆ ಆಯಿತು.

ಈಗ ಹೆತ್ತವರೊಡನೆ ಒಂದು ಮಾತು. ಒಂಟಿ ಹಕ್ಕಿ ಬೇಗ ಪಳಗುತ್ತದೆ, ಜೋಡಿ ತಂದರೆ ಅವು ತಮ್ಮಷ್ಟಕ್ಕೆ ಇರುತ್ತವೆ ಎಂದು ತಿಳಿದವರು ಹೇಳುತ್ತಾರೆ. ಅದು ನಿಜ. ಆದರೂ ನಮ್ಮ ಮತ ಜೋಡಿಯ ಕಡೆಗೆ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಇಡೀ ದಿನ ಮಕ್ಕಳ ಜೊತೆ ಪಡೆದು ಅದಕ್ಕೆ ಒಗ್ಗಿದ ಒಂಟಿ ಹಕ್ಕಿ, ಜೂನ್ ತಿಂಗಳಲ್ಲಿ ಮನೆ ಒಮ್ಮೆಲೇ ಖಾಲಿಯಾದಾಗ ಬೆಳಗಿನಿಂದ ಸಂಜೆಯ ವರೆಗೆ ಕೂಗಿ ಕೂಗಿ ಸೋಲುತ್ತದೆ. ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುವುದೂ ಉಂಟು. ನಾವೇ ಪಳಗಿಸಿ, ನಾವೇ ಬಿಟ್ಟುಹೋಗುವ ಈ ಕ್ರಮಕ್ಕಿಂತ, ಎರಡು ವಾರ ತಡವಾಗಿ ಪಳಗುವ ಜೋಡಿ ಲೇಸು. ಮೊಟ್ಟೆಯಿಡುವ ಮಡಕೆಯನ್ನು ಕಟ್ಟದಿದ್ದರೆ ಸಾಮಾನ್ಯವಾಗಿ ಮರಿಗಳ ತಾಪತ್ರಯವಿಲ್ಲ. ಇವು ಐದರಿಂದ ಎಂಟು ವರ್ಷ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಹೆಚ್ಚು ಬದುಕುತ್ತವೆ. ಎಂಟನೆಯ ತರಗತಿಯ ಹುಡುಗ ತಂದ ಹಕ್ಕಿ ಅವನು ಕಾಲೇಜಿಗೆ ಮಂಗಳೂರಿಗೋ ಕಣ್ಣೂರಿಗೋ ಹೋದ ಮೇಲೂ ಜಗಲಿಯಲ್ಲಿರುತ್ತದೆ. ಆಗ ನೋಡಿಕೊಳ್ಳುವವರು ನೀವೇ. ಆದ್ದರಿಂದ ಮಗು ಹಟ ಹಿಡಿದಾಗ ಹಣದ ಮಾತಿಗಿಂತ ಮೊದಲು ಈ ಲೆಕ್ಕವನ್ನು ಅದರ ಎದುರಿಗೆ ಇಟ್ಟು ಮಾತನಾಡಿರಿ. ಬೇಡವೆಂದು ತೀರ್ಮಾನವಾದರೆ, ಅಂಗಳದ ಬದಿಯಲ್ಲಿ ಒಂದು ಮಣ್ಣಿನ ಬಟ್ಟಲಲ್ಲಿ ನೀರಿಡುವುದಕ್ಕೆ ಯಾವ ಪಂಜರವೂ ಬೇಕಾಗಿಲ್ಲ. ಬೇಸಗೆಯಲ್ಲಿ ಪಿಕಳಾರಗಳೂ ಮಡಿವಾಳ ಹಕ್ಕಿಗಳೂ ತಾವಾಗಿ ಬರುತ್ತವೆ.

ತಂದದ್ದೇ ಆದರೆ, ಜೂನ್ ತಿಂಗಳ ತಯಾರಿ ಮೇ ಹದಿನೈದಕ್ಕೆ ಆರಂಭವಾಗಲಿ. ಮೊದಲ ದಿನ ಅರ್ಧ ಗಂಟೆ, ಮರುದಿನ ಒಂದು ಗಂಟೆ, ಹೀಗೆ ಹಕ್ಕಿಯನ್ನು ಒಂಟಿಯಾಗಿ ಬಿಡುವ ಹೊತ್ತನ್ನು ಹೆಚ್ಚಿಸುತ್ತಾ ಬರಬೇಕು. ಹೊರಡುವಾಗ ಹೇಳುವ ಮಾತು, ಬಂದೊಡನೆ ಹೇಳುವ ಮಾತು ದಿನಾಲೂ ಒಂದೇ ಆಗಿರಲಿ. ಹೋದವರು ಬರುತ್ತಾರೆಂದು ಹಕ್ಕಿ ಅದರಿಂದ ಕಲಿಯುತ್ತದೆ. ಮಳೆಗಾಲದ ಇರಚಲು ಬೀಳುವ ಜಗಲಿಯಿಂದ ಪಂಜರವನ್ನು ಒಳಗೆ ತರುವುದಿದ್ದರೆ ಅದನ್ನೂ ಮೇ ತಿಂಗಳಲ್ಲೇ ಮುಗಿಸಬೇಕು. ಶಾಲೆ ತೆರೆಯುವ ದಿನವೇ ಜಾಗವೂ ಹೊಸತು, ಮನೆಯೂ ನಿಶ್ಶಬ್ದ ಎಂದಾಗಬಾರದು. ಒಣ ಬಯಲಿನ ಈ ಹಕ್ಕಿಗೆ ನಮ್ಮ ಆಟಿಯ ತೇವ ಹೊಸತು. ನವಣೆಯನ್ನು ಒಂದು ವಾರಕ್ಕಾಗುವಷ್ಟೇ ತಂದು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು, ಬೂಷ್ಟು ಹಿಡಿದಿದೆಯೇ ಎಂದು ದಿನಾಲೂ ಮೂಸಿ ನೋಡಬೇಕು. ಬೆಳಗ್ಗೆ ಬಟ್ಟೆ ಸರಿಸಿ ನೀರು ಬದಲಿಸುವ ಕೆಲಸವನ್ನು, ಬಸ್ಸು ತಪ್ಪುವಷ್ಟು ಅವಸರವಿದ್ದರೂ, ಹಕ್ಕಿ ತಂದವರೇ ಮಾಡಬೇಕು. ಆ ಹತ್ತು ನಿಮಿಷಕ್ಕಾಗಿ ಬೇಗ ಏಳುವವರು ಯಾರೆಂಬುದನ್ನು ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ತೀರ್ಮಾನಿಸಿಕೊಳ್ಳಿರಿ.